ಅತ್ತೆ ಇಟ್ಟ ಕಲ್ಲು

ಕೊಯ್ಲು ಮುಗಿದರೆ ಎಲ್ಲರಿಗೂ ಒಂದೇ ತಲೆನೋವು. ಜೋಳ ಎಲ್ಲಿ ಒಣಗಿಸೋದು? ಅಂಗಳದಲ್ಲಿ ಹರವಿದರೆ ಕೋಳಿಗಳ ಕಾಟ, ಮಣ್ಣು ಬೇರೆ. ಊರಾಚೆ, ಹತ್ತಿ ಹೊಲಗಳಿಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನದ ರನ್‌ವೇ ಇತ್ತು. ಗುಡಿಸಿದರೆ ಮನೆಯ ನೆಲದಷ್ಟು ಚೊಕ್ಕಟ. ಪೈಲಟ್‌ನ ಅತ್ತೆ ಅದರ ಒಂದು ತುದಿಯಲ್ಲಿ ಜೋಳ ಹರವಿದಳು. ಚಕ್ರ ಹರಿಯದಿರಲಿ ಎಂದು ಸುತ್ತ ತಲೆಗಾತ್ರದ ಕಲ್ಲಿಟ್ಟಳು. ರಸ್ತೆಯಲ್ಲಿ ಒಣಗಿಸುವಾಗ ಎಲ್ಲರೂ ಮಾಡುವುದು ಅದನ್ನೇ.

ವಿಮಾನದ ಮೆಕ್ಯಾನಿಕ್ ಎಣ್ಣೆಗೈ ಒರೆಸಿಕೊಳ್ಳುತ್ತ ಬಂದ.

"ಅಕ್ಕಾ, ಇದು ರಸ್ತೆ ಅಲ್ಲ. ತೆಗೀರಿ."

"ನನ್ನ ಅಳಿಯನ ವಿಮಾನ, ನನ್ನ ಜೋಳ. ಮಧ್ಯೆ ನಿಂದೇನಪ್ಪಾ?"

"ಓಡೋಕೆ ಶುರು ಮಾಡಿದಾಗ ವಿಮಾನದ ಮೂಗು ಮೇಲಿರುತ್ತೆ, ಎದುರಿಗಿರೋದು ಕಾಣಲ್ಲ. ಕಾಣೋ ಹೊತ್ತಿಗೆ ತಿರುಗಿಸೋಕಾಗಲ್ಲ. ಟ್ಯಾಂಕ್ ತುಂಬ ಔಷಧಿಯ ಭಾರ ಬೇರೆ ಇರುತ್ತೆ."

"ಟ್ರ್ಯಾಕ್ಟರಿನೋನೇ ಕಲ್ಲು ನೋಡಿ ಪಕ್ಕಕ್ಕೆ ಹೋಗ್ತಾನೆ. ನಮ್ಮ ಅಳಿಯ ಆಕಾಶದಲ್ಲಿ ಹಾರೋನು! ಅಲ್ಲದೆ ಅವನು ಓಡಿಸೋದು ಆ ಕಡೆಗೆ."

"ಗಾಳಿ ತಿರುಗಿದರೆ ಈ ಕಡೆಗೇ ಬರಬೇಕು. ವಿಮಾನ ಎದುರುಗಾಳಿಗೇ ಅಲ್ವಾ ಏಳೋದು?"

"ಹೋಗಯ್ಯಾ, ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ಲ."

ಅಳಿಯನಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಆದರೆ ಹೆಣ್ಣು ಕೊಟ್ಟ ಅತ್ತೆ, ಹೇಗೆ ಗದರುವುದು? "ಅತ್ತೆ, ಸ್ವಲ್ಪ ಅಂಚಿಗೆ ಸರಿಸಿ" ಎಂದು ಒಮ್ಮೆ ಹೇಳಿ ಸುಮ್ಮನಾದ. ಆಕೆ ಸರಿಸಿದಳು. ಮರುದಿನ ಬೆಳಿಗ್ಗೆ ಇನ್ನಷ್ಟು ಜೋಳ ತಂದು, ಕಲ್ಲುಗಳನ್ನು ಮತ್ತೆ ನಡುವಿಗೇ ತಳ್ಳಿದಳು. ಯಾರಿಗೂ ಹೇಳಲಿಲ್ಲ. ದಾಕ್ಷಿಣ್ಯವಂತೆ ದಾಕ್ಷಿಣ್ಯ! ಅದಕ್ಕಿಷ್ಟು ಬೆಂಕಿ ಬೀಳಲಿ.

ಅವತ್ತೇ ಗಾಳಿ ತಿರುಗಿತು. ವಿಮಾನ ಈ ತುದಿಗೆ ಓಡಿಬಂತು. ಇನ್ನೇನು ನೆಲ ಬಿಡಬೇಕು, ಅಷ್ಟರಲ್ಲಿ ಚಕ್ರ ಕಲ್ಲಿಗೆ ಬಡಿದು ವಿಮಾನ ಮಗುಚಿಬಿತ್ತು. ಟ್ಯಾಂಕ್ ಒಡೆದು ಔಷಧಿಯೆಲ್ಲ ಜೋಳದ ಮೇಲೆ ಹರಿಯಿತು. ಅಳಿಯನನ್ನು ಹೊರಗೆಳೆದವನು ಮೆಕ್ಯಾನಿಕ್ಕೇ. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮಗಳು ತಾಯಿಯ ಮುಖ ನೋಡಲಿಲ್ಲ.

"ಜೋಳ ಒಣಗಿತಾ ಅಮ್ಮಾ?" ಎಂದಳು, ಅಷ್ಟೇ.

ಅತ್ತೆ ಮನೆಗೆ ಬಂದರೆ ಅವಳ ಗಂಡ ಮೆಲ್ಲಗೆ ಕೇಳಿದ, "ಆ ಜೋಳ ತೊಳೆದು ಕೋಳಿಗಾದರೂ ಹಾಕೋಣವೇನೇ?"

ಆಕೆಯನ್ನು ಆಸ್ಪತ್ರೆಯಿಂದ ಕರೆತಂದ ಮೆಕ್ಯಾನಿಕ್ ಬಾಗಿಲಲ್ಲೇ ನಿಂತಿದ್ದ. "ಬೇಡ ಯಜಮಾನ್ರೇ. ಅದು ವಿಷ, ತೊಳೆದರೆ ಹೋಗಲ್ಲ. ಬರಿಗೈಲಿ ಮುಟ್ಟಲೂಬೇಡಿ."

"ಒಂದು ಕಾಳೂ ಬೇಡ," ಎಂದಳು ಅತ್ತೆ. ಈ ಸಲ ಅವನ ಮಾತಿಗೆ ಎದುರಾಡಲಿಲ್ಲ.

ಮುಂದಿನ ಕೊಯ್ಲಿಗೆ ಪಕ್ಕದ ಮನೆಯವಳು ಅದೇ ರನ್‌ವೇಗೆ ಚೀಲ ಹೊತ್ತು ತಂದಳು. ಅತ್ತೆ ಅಡ್ಡ ನಿಂತಳು.

"ನನ್ನ ಅಳಿಯ ಊರುಗೋಲು ಹಿಡಿದು ನಡೆಯೋದನ್ನ ಒಂದು ಸಲ ನೋಡಿ ಬಾ. ಆಮೇಲೆ ಕಲ್ಲಿಡು."

ಕೇಳಿದಿರಲ್ಲ? ರನ್‌ವೇ ಮೇಲೆ ಕಾಳು ಹರವಬೇಡಿ, ದನ ಕಟ್ಟಬೇಡಿ, ಕಲ್ಲಿಡಬೇಡಿ. ಯಾರೇ ಇಟ್ಟಿರಲಿ, ಮುಲಾಜಿಲ್ಲದೆ ತೆಗೆಸಿ. ಅತ್ತೆ ನಾಲ್ಕು ದಿನ ಮಾತು ಬಿಟ್ಟಾಳು, ಬಿಡಲಿ. ಕಾಲು ಮತ್ತೆ ಬೆಳೆಯುವುದಿಲ್ಲ.