ಮರಿಯಮ್ ಹಣೆಯ ಕುಂಕುಮ

ಅಮ್ಮ ಸರೋಜಿನಿಯ ಶವದ ತಲೆದೆಸೆಯಲ್ಲಿದ್ದ ಫೋಟೋವನ್ನು ಎತ್ತಿ ಅಮಿತಾ ಗೋಡೆಯ ಕಡೆ ತಿರುಗಿಸಿಟ್ಟಳು. ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದು. ಸರೋಜಿನಿ ಅದರಲ್ಲಿ ಏನೋ ಕದ್ದು ಸಿಕ್ಕಿಬಿದ್ದವರ ಹಾಗಿದ್ದರು.

"ಇದು ಬೇಡ ದೊಡ್ಡಪ್ಪ, ಪ್ಲೀಸ್. ಅಮ್ಮ ಬಿಡಿಸಿದ ಚಿತ್ರ ಇಡೋಣ."

"ಯಶೋದೆ-ಕೃಷ್ಣರದ್ದಾ? ಇಡು ಮಾರಾಯ್ತಿ, ಒಳ್ಳೇದೇ." ಜಯತೀರ್ಥರು ಬಾಲ್ಕನಿಯಿಂದ ಕೆಳಗಿನ ರಸ್ತೆಗೆ ಕ್ಯಾಕರಿಸಿ ಉಗಿದು ಬಂದರು. ತಮ್ಮ ಸತ್ತ ಮೇಲೆ ಈ ಮನೆಯ ಯಜಮಾನಿಕೆ ಅವರದೇ.

ಗಾಜಿಲ್ಲದ ಪುಟ್ಟ ಚಿತ್ರ ದೇವರ ಕೋಣೆಯಿಂದ ಬಂತು. ಜರಿ ಹೊದ್ದ ತಾಯಿ, ಮಡಿಲಲ್ಲಿ ಮಗು. ತಾಯಿಯ ಹಣೆಯಲ್ಲಿ ಕುಂಕುಮ ಹೆಪ್ಪುಗಟ್ಟಿತ್ತು. ಊಟಕ್ಕೆ ಬಂದಾಗಲೆಲ್ಲ ಹಚ್ಚುತ್ತಿದ್ದವರು ಜಯತೀರ್ಥರೇ.

*

"ಇದು ಯಾರಮ್ಮ?" ಎಂದು ಅಮಿತಾ ಒಮ್ಮೆ ಕೇಳಿದ್ದಳು.

"ಮರಿಯಮ್. ಏಸುವಿನ ತಾಯಿ. ಮೊಗಲ್ ದೊರೆಗಳ ಚಿತ್ರಕಾರರು ಆಕೆಗೆ ತಮ್ಮೂರಿನ ದುಪಟ್ಟಾ ಹೊದಿಸಿದ್ರು. ನಾನು ನನ್ನ ಮೂಗು ಕೊಟ್ಟೆ. ಮಗು ನೀನೇ."

"ದೊಡ್ಡಪ್ಪನಿಗೆ ಗೊತ್ತಾ?"

ಸರೋಜಿನಿ ಹೊಟ್ಟೆ ಮುಂದೆ ಮಾಡಿ, ಕಣ್ಣು ಮೇಲೆ ಮಾಡಿ, ಗಂಟಲು ದಪ್ಪ ಮಾಡಿದರು: "ಆಹಾ, ಬಾಲಗೋಪಾಲ! ಎಂಥ ತೇಜಸ್ಸು ಮಾರಾಯ್ತಿ!"

ಇಬ್ಬರೂ ನಕ್ಕೂ ನಕ್ಕೂ ಕೆಮ್ಮಿದ್ದರು.

*

ಚಿತ್ರದ ಕ್ಲಾಸಿನ ಗೆಳತಿ ಶೋಭಾ ರಜನಿಗಂಧದ ಹಾರ ಇಟ್ಟು ಬಿಕ್ಕಿದರು. "ಸರೋಜಿನಿಯ ಮೇರಿ! ಎಷ್ಟು ಚಂದ."

"ಎಂಥ ಮೇರಿ?"

"ಏಸುವಿನ ಅಮ್ಮ ಅಲ್ವಾ ಇದು?"

ಜಯತೀರ್ಥರು ಬಲಗೈ ಬೆರಳುಗಳನ್ನು ಪಂಚೆಗೆ ಉಜ್ಜಿಕೊಂಡರು. "ಛೀ! ಇಷ್ಟು ವರ್ಷ ನಾನು ಕುಂಕುಮ ಹಚ್ಚಿದ್ದು ಇವಳಿಗಾ? ಮೇರಿಯಂತೆ! ಮೇರೆ ಇಲ್ಲದ ಮನೆ!"

ಹೆಗಲ ಮೇಲಿನ ಬಿಳಿ ಟವೆಲ್ಲನ್ನು ಪಕ್ಕದಲ್ಲಿದ್ದ ನೀರಿನ ಬಕೆಟಿನಲ್ಲಿ ಅದ್ದಿದರು.

"ದೊಡ್ಡಪ್ಪ, ನೀರು ಬೇಡ! ಬಣ್ಣ ಕರಗತ್ತೆ. ಅದು ಅಮ್ಮನ ಮುಖ!"

"ಕುಂಕುಮ ನಮ್ಮದು. ಅವಳ ಹಣೆಯಲ್ಲಿ ಯಾಕೆ?" ಪಾತ್ರೆ ತಳ ತಿಕ್ಕುವ ಹಾಗೆ ತಿಕ್ಕಿದರು.

ಕುಂಕುಮ ಹೋಯಿತು. ಹಣೆ ಹೋಯಿತು. ಮೂಗೂ ಹೋಯಿತು. ಮಡಿಲಲ್ಲಿದ್ದ ಮಗು ಬೋಳು ಕಾಗದದ ಕಡೆಗೆ ಕೈ ಎತ್ತಿತ್ತು, ಇನ್ನೂ ನಗುತ್ತ.

 

ಕೆಳಗೆ ಶವದ ಗಾಡಿ ಹಾರ್ನ್ ಹೊಡೆಯಿತು. ಜಯತೀರ್ಥರು ಟವೆಲ್ಲನ್ನು ಕಲೆ ಕಾಣದಂತೆ ಒಳಮಡಚಿ ಹೆಗಲ ಮೇಲೆ ಹಾಕಿಕೊಂಡರು. "ಹ್ಞೂಂ, ಎತ್ತಿ ಎತ್ತಿ," ಎಂದು ಎಲ್ಲರನ್ನೂ ಕರೆದು, ಆ ಹೆಗಲನ್ನೇ ಚಟ್ಟಕ್ಕೆ ಕೊಟ್ಟರು.