ಅತ್ತಿಗೆ ತಟ್ಟಿದ ಜಾಡಿ

ಮಳೆ, ಅರೆ, ಮಳೆ ಬರುತ್ತಿದೆಯಲ್ಲ, ಯಾವಾಗ ಹಿಡಿಯಿತು ಇದು, ಬೆಳಗ್ಗೆ ಮನೆ ಬಿಡುವಾಗ ಆಕಾಶ ಬೂದಿ ಬಳಿದುಕೊಂಡು ಸುಮ್ಮನಿತ್ತು, ಈಗ ನೋಡಿದರೆ ಬಾಗಿಲಾಚೆ ಹನಿಗಳು ನೆಲಕ್ಕೆ ಬಿದ್ದು ಮೊಳದೆತ್ತರ ಚಿಮ್ಮುತ್ತಿವೆ – ಮೆತ್ತನೆಯ ಮಳೆ ಎಂದುಕೊಂಡಳು ಅತ್ತಿಗೆ, ಸಾಧು ಮಳೆ, ಸದ್ದಿಲ್ಲದ್ದು, ಮತ್ತೆ ತಲೆ ಎತ್ತಿದಳು, ಮೇಲಿರುವುದು ತಗಡು. ಮೊಳದೆತ್ತರ ಚಿಮ್ಮುವ ಮಳೆ ತಗಡಿನ ಮೇಲೆ ಮೆತ್ತಗೆ ಹೇಗೆ ಬಿದ್ದೀತು. ಆ ಬದಿಯಲ್ಲಿ ಮೇಸ್ತ್ರಿ ಬಾಯಿ ಅಗಲಿಸಿ ಏನೋ ಕೂಗುತ್ತಿದ್ದಾನೆ, ಕತ್ತಿನ ನರ ಉಬ್ಬಿದೆ, ಪೆಟ್ಟಿಗೆಗೆ ಹುಲ್ಲು ತುಂಬುವ ಹೆಂಗಸರು ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಮಾತಾಡುತ್ತಿದ್ದಾರೆ, ತುಟಿಗಳು, ಎಲ್ಲಿ ನೋಡಿದರೂ ತುಟಿಗಳು, ಅಷ್ಟು ಗದ್ದಲವಿದ್ದರೆ ಇವಳ ಪಾಲಿಗೆ ಮಾತ್ರ ಏಕೆ ಎಲ್ಲೋ ದೂರದಲ್ಲಿ ಯಾರೋ ಕಾಳು ಕೇರಿದ ಹಾಗೆ – ಶೀತ, ಶೀತದಿಂದ ಕಿವಿ ಕಟ್ಟಿದೆ, ಹೋದ ತಿಂಗಳೂ ಶೀತ ಎಂದೇ ಅಂದುಕೊಂಡಿದ್ದಳು, ಅದರ ಹಿಂದಿನ ತಿಂಗಳೂ, ಯಾವ ಶೀತ ಇಷ್ಟು ದಿನ ಬೀಡುಬಿಟ್ಟು ಕೂತಿರುತ್ತದೆ, ಇರಲಿ, ಕೈ ನಿಲ್ಲಬಾರದು, ತಟ್ಟು.

ತಟ್ಟುವುದೇ ಕೆಲಸ, ಇಪ್ಪತ್ತೆರಡು ವರ್ಷದಿಂದ, ಭಟ್ಟಿಯಲ್ಲಿ ಸುಟ್ಟು ಬಂದ ಜಾಡಿಯನ್ನು ಎಡ ಅಂಗೈ ಮೇಲೆ ಕೂರಿಸಿ ಬಲಗೈಯ ನಡುಬೆರಳ ಗೆಣ್ಣಿನಿಂದ ಹೊಟ್ಟೆಗೊಂದು ಪೆಟ್ಟು, ಟಣ್ ಎಂದರೆ ಗಟ್ಟಿ, ಸೀಮೆಸುಣ್ಣದ ಒಂದು ಗೆರೆ ಎಳೆದು ಪಕ್ಕಕ್ಕೆ, ಡಬ್ ಎಂದರೆ ಒಳಗೆಲ್ಲೋ ಬಿರುಕು, ಚೂರಿನ ಗುಡ್ಡೆಗೆ. ಮಣ್ಣು ಮುಚ್ಚಿಡೋದಿಲ್ಲ, ನಾನೂ ಮುಚ್ಚಿಡೋದಿಲ್ಲ ಎಂದು ಎಷ್ಟು ಸಲ ಹೇಳಿಕೊಂಡಿದ್ದಾಳೆ, ನಗುತ್ತ, ಸೊಂಟಕ್ಕೆ ಕೈಕೊಟ್ಟು. ಮೊದಲು ಅವಳು ನಾದಿನಿ ಒಬ್ಬಳಿಗೇ ಅತ್ತಿಗೆ, ಗಂಡನ ತಂಗಿ ಅವಳು, ಅತ್ತಿಗೆಯೇ ಕೈಹಿಡಿದು ತಂದು ಹುಲ್ಲಿನ ಬೆಂಚಿಗೆ, ಜಾಡಿಗಳನ್ನು ಪೆಟ್ಟಿಗೆಗಿಡುವ ಕೆಲಸಕ್ಕೆ, ಸೇರಿಸಿದ್ದಳು, ಅವಳು ಕರೆಯುವುದನ್ನು ಕೇಳಿ ಕೇಳಿ ಮೇಸ್ತ್ರಿಗೂ ಅತ್ತಿಗೆ, ಸಾಹುಕಾರರಿಗೂ ಅತ್ತಿಗೆ. ಮಾತೆಂದರೆ ಕಡ್ಡಿ ತುಂಡು ಮಾಡಿದ ಹಾಗೆ. ಮೇಸ್ತ್ರಿ, ಮೀಸೆಗೆ ಬಳಿದಿರೋದೇನು ಬೂಟಿನ ಮಸಿನಾ, ಬೆವರಿಗೆ ಗದ್ದದವರೆಗೂ ಇಳಿದಿದೆ, ಒರೆಸ್ಕೊಳ್ಳಿ. ಸಾಹುಕಾರ್ರೇ, ನೀವು ಹೊಸದಾಗಿ ತರಿಸಿರೋ ಮಣ್ಣು ನಿಮ್ಮ ಭಾವಮೈದುನನ ಹಾಗೇನೇ, ನೋಡೋಕೆ ನುಣ್ಣಗೆ, ಬಿಸಿ ತಾಗಿದ್ರೆ ಕೂತುಬಿಡುತ್ತೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ಸಾಹುಕಾರರೂ, ಅತ್ತಿಗೆ ಹೊಟ್ಟೇಲಿ ಏನೂ ಇಟ್ಕೊಳ್ಳಲ್ಲಪ್ಪ ಎಂದಿದ್ದರು, ಬೆಳಗ್ಗೆ ಎದ್ದು ಕೈಮುಗಿದು ಅವಳು ಬೇಡುತ್ತಿದ್ದದ್ದೂ ಅದೊಂದೇ, ಭಗವಂತ, ಒಳಗೊಂದು ಹೊರಗೊಂದು ಬೇಡ – ಇಪ್ಪತ್ತು ದಿನದ ಹಿಂದೆ ಆಡಿದ್ದೂ ಅದೇ ನಾಲಿಗೆ. ಪೇಟೆಯಿಂದ ನಾಲ್ಕು ಪೆಟ್ಟಿಗೆ ತಿರುಗಿ ಬಂದಿದ್ದವು, ಜಾಡಿ ಸೋರುತ್ತವೆ ಎಂದು, ಒಂದೊಂದರ ಮೇಲೂ ಅವಳದೇ ಗೆರೆ. ನಾನು ತಟ್ಟಿದಾಗ ಗಟ್ಟಿ ಇತ್ತು, ಎಂದಳು, ಎಲ್ಲರೆದುರು, ಹುಲ್ಲಲ್ಲಿ ಇಡೋವಾಗ ಕುಕ್ಕಿದ್ದಾಳೆ, ನಮ್ಮ ನಾದಿನಿ ಅಂತ ಮುಚ್ಚಾಕಲ್ಲ ನಾನು, ಅವಳ ಕೈ ನಡುಗುತ್ತೆ, ಅಷ್ಟೇ. ನಾದಿನಿ ತನ್ನ ಕೈಗಳನ್ನು ನೋಡಿಕೊಂಡಳು, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು, ಯಾರದೋ ಕೈ ನೋಡಿದ ಹಾಗೆ. ಮಾರನೆಯ ದಿನದಿಂದ ಹಿಂದಿನ ಚಪ್ಪರದಲ್ಲಿ ಒಣಮಣ್ಣು ಜರಡಿ ಹಿಡಿಯುತ್ತಿದ್ದಾಳೆ, ಮೊದಲೇ ಕೆಮ್ಮಿನವಳು, ಸಂಜೆ ಹೊರಡುವಾಗ ರೆಪ್ಪೆಯೂ ಬೆಳ್ಳಗೆ, ಹತ್ತಿರ ಬಂದರೆ ಅತ್ತಿಗೆಯೇ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗುತ್ತಾಳೆ.

ತಟ್ಟು, ಅದೇಕೆ ಆ ಜಾಡಿಯ ಬುಡ ಒದ್ದೆ. ತಗಡಿನ ಸಂದಿನಿಂದ ನೀರು ಎಳೆಯಾಗಿ ಇಳಿದು, ಈಗಷ್ಟೇ ಗೆರೆ ಎಳೆದು ಪಕ್ಕಕ್ಕಿಟ್ಟ ಜಾಡಿಯೊಳಕ್ಕೆ ನೆಟ್ಟಗೆ ಬೀಳುತ್ತಿದೆ, ಅರ್ಧ ತುಂಬಿದೆ, ಹೊರಗೆ ಹೊಟ್ಟೆಯ ಮೇಲೆ ಕೂದಲಿನಷ್ಟು ತೆಳ್ಳಗೆ ಒಂದು ತೇವ, ಓರೆಯಾಗಿ, ಒರೆಸಿದಳು, ಮತ್ತೆ ಬಂತು, ಒರೆಸಿದಳು, ಮತ್ತೆ. ನೀರು ಚೆಲ್ಲಿ ಕಿವಿಯ ಹತ್ತಿರ ಹಿಡಿದು ತಟ್ಟಿದಳು, ಗೆಣ್ಣು ನೋಯುವ ಹಾಗೆ, ಗಟ್ಟಿ ಜಾಡಿಯೊಂದನ್ನು ಎತ್ತಿಕೊಂಡು ಅದನ್ನೂ ತಟ್ಟಿದಳು, ಎರಡೂ ಒಂದೇ, ಎರಡೂ ಉಣ್ಣೆಯ ಚೆಂಡು ತಟ್ಟಿದ ಹಾಗೆ. ಯಾರೂ ಇದನ್ನು ಹುಲ್ಲಲ್ಲಿ ಇಟ್ಟಿಲ್ಲ, ಯಾರ ಕೈಯೂ ಮುಟ್ಟಿಲ್ಲ, ತನ್ನದರ ಹೊರತು. ಮಳೆ ಅಲ್ಲವೇ, ಈ ಮಳೆಯಲ್ಲಿ ಯಾರಿಗೆ ತಾನೇ ಕೇಳಿಸೀತು, ಹಾಗೆಂದರೆ ಮೇಸ್ತ್ರಿ ನಂಬುತ್ತಾನೆ, ಒಡೆದು ಗುಡ್ಡೆಗೆ ಎಸೆದರೆ ಚೂರಿನಲ್ಲಿ ಚೂರು – ಆದರೆ ಆ ನಾಲ್ಕು ಪೆಟ್ಟಿಗೆಯ ಜಾಡಿ ತಟ್ಟಿದಾಗ ಮಳೆ ಎಲ್ಲಿತ್ತು, ಬಿಸಿಲಿತ್ತು, ಗಂಡ ಹೇಳಿರಲಿಲ್ಲವೇ, ಟಿವಿ ಸಣ್ಣದು ಮಾಡೇ, ಬೀದಿಗೆಲ್ಲ ಕೇಳ್ತಿದೆ ಅಂತ, ನಿಮ್ಮ ಕಿವೀಲಿ ಹತ್ತಿ ಇಟ್ಕೊಳ್ಳಿ ಎಂದು ತಾನೇ ಗದರಿದ್ದಳಲ್ಲ, ಯಾರ ಮೀಸೆ, ಯಾರ ಮಣ್ಣು, ಯಾರ ಕೈ, ಎಲ್ಲವನ್ನೂ ಹೇಳಿದ್ದಾಯಿತು, ಇದೊಂದನ್ನು ದೇವರ ಮುಂದೆ ಕೂಡ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ಈ ಮಣೆ ಹೋಯಿತು. ಕಿವಿ ಹೋದವಳನ್ನು ತಟ್ಟುವುದಕ್ಕೆ ಯಾರು ಕೂರಿಸುತ್ತಾರೆ, ಜರಡಿಯೇ ಗತಿ. ಹೇಳದಿದ್ದರೆ ಆ ಜರಡಿ, ಆ ಧೂಳು, ಆ ಕೆಮ್ಮು ನಾದಿನಿಯದೇ, ಕೆಮ್ಮುವುದೂ ತನಗೆ ಕೇಳಿಸುವುದಿಲ್ಲ, ಭುಜ ಕುಣಿಯುವುದಷ್ಟೇ ಕಾಣುತ್ತದೆ, ಅಯ್ಯೋ ತಂದೆ, ಎಷ್ಟು ದಿನದಿಂದ ಕಾಣುತ್ತಿದೆ ಅದು, ಕಾಲುಗಳು ಆಗಲೇ ಎದ್ದು ನಿಂತಿವೆ, ಜಾಡಿ ಕಂಕುಳಲ್ಲಿ, ಮಳೆ ಬೆನ್ನ ಮೇಲೆ, ಚಪ್ಪರ, ನಾದಿನಿಯ ಮುಂದೆ, ಬಾ ಇಲ್ಲಿ, ಏಳು, ಜರಡಿ ಕೆಳಗಿಡು, ಬಾ ಅಂದ್ನಲ್ಲ.

ಹುಲ್ಲಿನ ಬೆಂಚಿನ ಮುಂದೆ, ಅವತ್ತು ನಿಂತಿದ್ದ ಜಾಗದಲ್ಲೇ, ನಾದಿನಿಯ ರಟ್ಟೆ ಹಿಡಿದುಕೊಂಡೇ ನಿಂತಳು, ಮೇಸ್ತ್ರಿ, ಇಲ್ಲಿ ನೋಡಿ, ಎಲ್ಲರೂ ನೋಡಿ, ಈ ಜಾಡಿ ನಾನು ಗಟ್ಟಿ ಅಂದಿದ್ದು, ಸೋರ್ತಿದೆ, ಅವತ್ತಿನವೂ ಹಾಗೇ ಸೋರಿದ್ದು, ಇವಳ ಕೈಯಲ್ಲಿ ಒಂದೂ ಒಡೆದಿಲ್ಲ, ನಂಗೆ ಕಿವಿ ಕೇಳಿಸಲ್ಲ. ಎಷ್ಟು ಜೋರಾಗಿ ಹೇಳಿದಳೋ ಅವಳಿಗೇ ತಿಳಿಯದು, ಆಚೆ ಭಟ್ಟಿಯ ಬಾಯಲ್ಲಿದ್ದವರೂ ತಿರುಗಿ ನೋಡಿದರು. ಬೆಂಚು ನಿಂದೇ, ಕೂತ್ಕೊ ಎಂದಳು, ಇದನ್ನು ಮೆಲ್ಲಗೆ, ರಟ್ಟೆ ಬಿಟ್ಟಳು. ನಾದಿನಿ ಕೂರಲಿಲ್ಲ. ಮಳೆಗೆ ಮುಖದ ಮಣ್ಣು ಗೀರುಗೀರಾಗಿ ಇಳಿದಿದೆ, ತುಟಿ ಅಲುಗುತ್ತಿದೆ, ಏನೋ ಅನ್ನುತ್ತಿದ್ದಾಳೆ, ಬೈಗುಳವೋ, ಸಾಕು ಬಿಡಿ ಎಂದೋ, ಅತ್ತಿಗೆ ತಲೆಯಾಡಿಸಿ ಸುಮ್ಮನಾಗಬಹುದಿತ್ತು, ಇಷ್ಟು ತಿಂಗಳೂ ಹಾಗೇ ತಲೆಯಾಡಿಸಿದ್ದಾಳೆ, ಎಲ್ಲರಿಗೂ, ಹ್ಞೂಂ ಹ್ಞೂಂ ಎಂದು – ಕೇಳಿಸ್ಲಿಲ್ಲ ಕಣೇ, ಎಂದಳು, ಇನ್ನೊಂದ್ಸಲ ಹೇಳು. ನಾದಿನಿ ಮುಂಗೈಯಿಂದ ಹಣೆ ಒರೆಸಿಕೊಂಡು ಹತ್ತಿರ ಬಂದಳು, ಮೂಗಿಗೆ ಮೂಗು ತಾಗುವಷ್ಟು, ಒಂದೊಂದೇ ಅಕ್ಷರವನ್ನು ಬಾಯಲ್ಲಿ ಬಿಡಿಸಿಟ್ಟಳು, ಗೊತ್ತಿತ್ತು, ಗೊತ್ತಿತ್ತು ಅತ್ತಿಗೆ, ನೀವೇ ಹೇಳ್ಲಿ ಅಂತ ಇದ್ದೆ – ಇಪ್ಪತ್ತು ದಿನ, ಅಷ್ಟೂ ದಿನ ಧೂಳು ನುಂಗಿಕೊಂಡು, ಗೊತ್ತಿದ್ದೂ, ಮೇಸ್ತ್ರಿ ಏನೆಂದನೋ, ಮಳೆ ನಿಂತಿತೋ, ಅತ್ತಿಗೆಗೆ ಕಾಣುವುದು ಆ ತುಟಿಗಳಷ್ಟೇ, ಬಿಳಿಮಣ್ಣು ಮೆತ್ತಿದ ತುಟಿಗಳು, ತೆರೆದು, ಮುಚ್ಚಿ, ಮತ್ತೆ ತೆರೆದು.