ಅಟೋಲೆಗೆ ಬೆರೆಸಿದ ಮದ್ದು

ಅಮೆರಿಕದ ಗಡಿಯೂರು ಎಲ್ ಪಾಸೊದಲ್ಲಿ ನೆಗಡಿಯಾದರೆ ಯಾರೂ ಡಾಕ್ಟರ ಬಳಿ ಓಡುವುದಿಲ್ಲ, ಸೇತುವೆ ದಾಟಿ ಮೆಕ್ಸಿಕೊದ ಹುವಾರೆಸ್‌ಗೆ ಹೋಗುತ್ತಾರೆ. ಒಬ್ದೂಲಿಯಾಗೆ ಅಲ್ಲಿ ಗುರುತಿನ ಔಷಧಿ ಅಂಗಡಿಯವನಿದ್ದ, ಚೀಟಿ ಕೇಳುತ್ತಿರಲಿಲ್ಲ. ಅವಳ ಅಡುಗೆಮನೆಯಲ್ಲಿ ಉಪ್ಪಿಗೆ ಬರ ಬಂದರೂ ಆಂಟಿಬಯಾಟಿಕ್‌ಗೆ ಬರವಿರಲಿಲ್ಲ.

ಗಂಡ ಎವಾರಿಸ್ತೊ ಮಾತ್ರ ಮಾತ್ರೆ ಎಂದರೆ ಮುಖ ತಿರುಗಿಸುವ ಹಟಮಾರಿ. ಅದಕ್ಕೇ ಅವಳು ಕ್ಯಾಪ್ಸೂಲ್ ಬಿಚ್ಚಿ, ಅಟೋಲೆಗೆ, ಅದೇ ಬೆಳಗಿನ ಮೆಕ್ಕೆಜೋಳದ ಗಂಜಿಗೆ, ಬೆಲ್ಲ ದಾಲ್ಚಿನ್ನಿಯ ಜೊತೆ ಕದಡಿಬಿಡುತ್ತಿದ್ದಳು. ಕೆಮ್ಮಿಗೂ ಅದೇ, ಮೊಣಕಾಲು ನೋವಿಗೂ ಅದೇ. ಈ ಚಳಿಗಾಲದಲ್ಲಿ ಅವನಿಗೆ ಭೇದಿ ಹಿಡಿಯಿತು. ಅವಳು ಇನ್ನಷ್ಟು ಹಾಕಿದಳು. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದ, ಅವಳು ಮತ್ತೆ ಹಾಕಿದಳು, ಅವನು ಮತ್ತೆ ಮಲಗಿದ. ಈಗ ಎಲುಬಿಗೆ ಚರ್ಮ ಅಂಟಿಕೊಂಡಿದೆ.

ಆಸ್ಪತ್ರೆಯ ಡಾಕ್ಟರ್ ಮೆಲೆಂದೆಸ್ ಅವನ ಹಾಸಿಗೆಯ ಪಕ್ಕ ಕೂತು ಬಿಡಿಸಿ ಹೇಳಿದಳು. ಕರುಳಿನಲ್ಲಿ ಒಳ್ಳೆಯ ಜೀವಾಣುಗಳ ದೊಡ್ಡ ಸಂಸಾರವೇ ಇರುತ್ತದೆ. ಅದು ಸತ್ತರೆ ಕೆಟ್ಟವು ಮನೆ ಹೊಗುತ್ತವೆ. ಆರೋಗ್ಯವಂತರ ಮಲದಿಂದ ಒಳ್ಳೆಯವನ್ನು ತೆಗೆದು ಇವನ ಕರುಳಿಗೆ ಸೇರಿಸಿದರೆ ಮತ್ತೆ ಬೆಳೆಯಬಹುದು. ಆದರೆ ಯಾವುದು ಅವನ್ನು ಕೊಲ್ಲುತ್ತಿದೆ ಎಂದು ತಿಳಿಯದೆ ಸೇರಿಸಿದರೆ ನೀರಿನಲ್ಲಿ ಹೋಮ ಮಾಡಿದಂತೆ. ಮನೆಯಲ್ಲಿ ಏನಾದರೂ ಆಂಟಿಬಯಾಟಿಕ್ ತೊಗೊಂಡಿದ್ದಾರಾ ಎಂದು ಇನ್ನೊಮ್ಮೆ ಕೇಳಿದಳು.

"ನೀವು ಕೊಟ್ಟಿದ್ದು ಬಿಟ್ರೆ ಜನ್ಮದಲ್ಲಿ ಮಾತ್ರೆ ನುಂಗಿದೋನಲ್ಲ ತಾಯಿ," ಎಂದ ಎವಾರಿಸ್ತೊ, ಹೆಮ್ಮೆಯಿಂದ. "ಇವಳ ಅಟೋಲೆನೇ ನನ್ನ ಔಷಧಿ."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ದೂಲಿಯಾ, ಉಂಡವನು ಅವನು. ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಬಾಯಿ ಮುಚ್ಚಿಕೊಂಡರೆ ತನ್ನ ಮಾನ ಉಳಿಯುತ್ತದೆ, ಅವನು ಉಳಿಯುವುದಿಲ್ಲ.

"ನಾನೇ ಹಾಕ್ತಿದ್ದೆ," ಎಂದಳು. "ಕ್ಯಾಪ್ಸೂಲ್ ಬಿಚ್ಚಿ, ಅಟೋಲೆಗೆ. ವರ್ಷಗಳಿಂದ."

ಡಾಕ್ಟರ್ ಬೈಯಲಿಲ್ಲ. ಕಾರಣ ಸಿಕ್ಕಿತಲ್ಲ, ಇನ್ನು ದಾರಿಯಿದೆ ಎಂದಳು. ಒಬ್ದೂಲಿಯಾ ಗಂಡನ ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು. ಎರಡು ಮಾತು ಬೈದಿದ್ದರೆ ಎದೆ ಹಗುರಾಗುತ್ತಿತ್ತು.

"ಹೋದ ವರ್ಷ ಅಮ್ಮ ಹೀಗೇ ಭೇದಿಯಾಗಿ ಹೋದ್ಲಲ್ಲ, ದೂಲಿಯಾ," ಎಂದ ಮೆಲ್ಲಗೆ. "ಅವಳಿಗೂ ನೀನೇ ಅಲ್ವಾ ಅಟೋಲೆ ಕಾಯಿಸಿ ಕೊಡ್ತಿದ್ದಿದ್ದು?"

ಅತ್ತೆಗೆ ಆಗ ಬರೀ ಕೆಮ್ಮಿತ್ತು. ಹೆತ್ತ ಮಗಳೂ ಹೀಗೆ ನೋಡಿಕೊಳ್ಳಲಾರಳು ಎಂದು ಬೀದಿಯವರೆಲ್ಲ ಒಬ್ದೂಲಿಯಾಳನ್ನು ಹೊಗಳಿದ್ದರು.

"ಹೂಂ," ಎಂದಳು. "ಎರಡು ಹೊತ್ತೂ."